ಅಕಿನೂ ನಕ್ಕಿದ್ಲು

ಲೋಕಾಪುರ
೬ ಜನವರಿ ೨೦೨೫, ಸೋಮವಾರ

ಚಿರಂಜೀವಿ ಯಲ್ಲಾಲಿಂಗಗ,

ನಿನಗ ಕೆಮ್ಮು ಕಡಿಮಿ ಆತೇನು? ಸಮೀರವಾಡಿಯೊಳಗ ಕಲ್ಮೇಶನ ಖೋಲಿಯಾಗ ಇದ್ದೀ, ಕಬ್ಬಿನ ಟ್ರ್ಯಾಕ್ಟರ್ ಹೊಡ್ಯಾಕತ್ತೀ, ರಾತ್ರಿ ಥಂಡಿಯಾಗ ಸ್ವೆಟರ್ ಸುದ್ಧಾ ಹಾಕ್ಕೊಳ್ಳೂದಿಲ್ಲ ಅಂತ ಅವರವ್ವ ಶೇವಂತಿ ಹೇಳಿದ್ಲು. ಈ ಚೀಟಿ ಅಕಿ ಕೈಯಾಗನ ಕೊಟ್ಟು ಕಳಸೇನಿ. ಫೋನ್ ಮಾಡಿದ್ರ ಹತ್ತವಲ್ಲದು. ನೀ ನನ್ನ ನಂಬರ್ ಬ್ಲಾಕ್ ಮಾಡೀದಿ ಅಂತ ಅಕ್ಷತಾ ಅಂದ್ಲು. ಮಾಡು. ಚೀಟಿ ಬ್ಲಾಕ್ ಮಾಡಾಕ ಬರೂದಿಲ್ಲ. ಹರದು ಒಗೀಬಹುದು, ಆದ್ರ ನೀ ಓದೇ ಹರೀತಿ, ನೀ ಆರು ವರ್ಷದಾಂವ ಇದ್ದಾಗಿಂದ ಬೆಳಸೇನಿ, ನನಗ ಗೊತ್ತೈತಿ. ನಿಮ್ಮಣ್ಣನ ಮೊಣಕಾಲು ಹಂಗ ಐತಿ, ಎಣ್ಣಿ ಹಚ್ಚಿದ್ರ ಒಂದ ದಿನ ಛಲೋ, ಮರುದಿನ ಮತ್ತ ಅದ. ಅಕ್ಷತಾನ ಪರೀಕ್ಷೆ ಮುಗದಾವ. ಎಮ್ಮಿ ಈದೈತಿ, ಹೆಣ್ಣು ಕರ.

ಮೊದಲ ಒಂದ ಮಾತು ಹೇಳಿಬಿಡ್ತೇನಿ. ತಪ್ಪಾತು ಅನ್ನಾಕ ಈ ಚೀಟಿ ಬರ್ಯಾಕತ್ತಿಲ್ಲ. ತುಂಬಿದ ಖಾನಾವಳಿಯಾಗ ನಿನ್ನ ಕಪಾಳಕ್ಕ ಹೊಡದದ್ದು ಖರೆ. ಎದಿಯುದ್ದ ಬೆಳದ ಹುಡುಗಗ ಹಂಗ ಹೊಡೀಬಾರದಾಗಿತ್ತು ಅಂತ ಊರೆಲ್ಲಾ ಹೇಳಿ ಆತು. ಆದ್ರ ನೀ ಸಿಟ್ಟಿನಾಗ ಎದ್ದು ಹೋದಿ, ಪೂರಾ ಕೇಳಲೇ ಇಲ್ಲ, ಅದಕ್ಕ ಮೊದಲಿಂದ ಹೇಳ್ತೇನಿ.

ಆ ಹೆಣ್ಮಗಳು ಹಾನಾ, ಅಕಿ ಗಂಡ, ಇಬ್ಬರೂ ಪೋಲಂಡ್ ದೇಶದವರು. ವಿಜಯಪುರದಿಂದ ಸೈಕಲ್ ಮ್ಯಾಲ ಜಮಖಂಡಿ, ಮುಧೋಳ ದಾಟಿ ಬಾದಾಮಿಗೆ ಹೊಂಟಿದ್ರು. ನಮ್ಮ ಖಾನಾವಳಿ ಮುಂದ ಗಂಡನ ಸೈಕಲ್ ಚೈನ್ ಹರೀತು. ಅಕಿ ನಳದಾಗ ಕಾಲು ತೊಳಕೊಂಡು ಒಳಗ ಬಂದು ಕುಂತಳು. ನಾ ರೊಟ್ಟಿ, ಬದನಿಕಾಯಿ, ಕೆಂಪ ಮೆಣಸಿನಕಾಯಿ ಹಿಂಡಿ ಬಡಿಸಿದೆ. ಹಿಂಡಿ ಒಂದ ಬೆರಳು ನೆಕ್ಕಿದ್ದಕ್ಕ ಅಕಿ ಕಣ್ಣಾಗ ನೀರು ಬಂತು, ಮೊಸರು ಹಾಕಿ ಸಮಾಧಾನ ಮಾಡಿದೆ. ನಾ ಒಳಗ ಒಲಿ ಮುಂದ ಹೋದಾಗ ನೀ ಫೋನ್ ಹಿಡದು ಅಕಿ ಮುಂದ ನಿಂತಿ. ಏನೇನಂದಿ ಅಂತ ನಾ ಕೇಳಿರಲಿಲ್ಲ. ಹುಡುಗ ಫೋಟೊ ತಗ್ಯಾಕತ್ತಾನ, ಅಕಿನೂ ನಗಾಕತ್ತಾಳ, ಇರ್ಲಿ ಅಂದ್ಕೊಂಡೆ.

ಮರುದಿನ ಮಧ್ಯಾಹ್ನ ಬಾದಾಮಿಯಿಂದ ಬಸ್ಸಿನಾಗ ಅಕಿ ಒಬ್ಬಾಕಿನ ತಿರಗಿ ಬಂದ್ಲು. ಅಲ್ಲಿ ಲಾಡ್ಜಿನ ಹುಡುಗ ನಿನ್ನ ವಿಡಿಯೊ ತೋರಿಸಿ, 'ಮೇಡಮ್, ನೀವು ಫೇಮಸ್' ಅಂತ ನಕ್ಕನಂತ. ಅಕಿಗೆ ಒಂದ ಅಕ್ಷರ ತಿಳಿದಿಲ್ಲ, ಆದ್ರ ನಗಿ ತಿಳದೈತಿ. ಅಕ್ಷತಾನ ಮುಂದ ಫೋನ್ ಇಟ್ಟು, ಇದರಾಗ ಏನ್ ಅಂದಾನ ಹೇಳು ಅಂತ ಇಂಗ್ಲಿಷಿನಾಗ ಕೇಳಿದ್ಲು. ಅದರಾಗ ನೀ ಅಂದದ್ದು: 'ಬಿಳಿ ಎಮ್ಮಿ ರೊಟ್ಟಿ ತಿನ್ನಾಕತ್ತೈತಿ ನೋಡ್ರಿ, ಇದರ ರೇಟ್ ಎಷ್ಟಂತ ಯಾರರ ಕೇಳ್ರಿ.' ನಿನ್ನ ಅಣ್ಣನ ಮಗಳು, ನಿನ್ನ ಕಾಕಾ ಕಾಕಾ ಅನ್ನಾಕಿ, ಆ ಮಾತು ಹೆಂಗ ಹೇಳಬೇಕೋ? ಅಳಾಕ ಹತ್ತಿದ್ಲು. 'ಯವ್ವಾ, ಬ್ಯಾರೆ ಏನರ ಹೇಳಲೇನು?' ಅಂತ ನನ್ನ ಕೇಳಿದ್ಲು. ನಾನ ಅಂದೆ, 'ಇದ್ದಂಗ ಹೇಳು. ಒಂದೂ ಬಿಡಬ್ಯಾಡ.' ಹೇಳಿದ್ಲು. ಹಾನಾ ಬೈಲಿಲ್ಲ, ಚೀರಲಿಲ್ಲ. 'ಅವನು ನನ್ನ ಜೊತೆ ನಗ್ತಿದ್ದಾನ ಅಂದ್ಕೊಂಡು ನಾನೂ ನಕ್ಕೆ' ಅಂತ ಇಷ್ಟ ಅಂದ್ಲು. ಅಷ್ಟ್ರಾಗ ನೀ ಒಳಗ ಬಂದಿ, ಅಕಿನ್ನ ನೋಡಿ ಮತ್ತ ಹಲ್ಲು ಕಿಸದಿ. ನನ್ನ ಕೈ ಎದ್ದಿತು.

ನಿಮ್ಮವ್ವನ ಕಣ್ಣಿನ ಆಪರೇಶನ್‌ಗೆ ಮುಂಬೈಗೆ ಹೋದದ್ದು ನೆನಪೈತೇನು? ನೀ ಆಗ ಒಂಬತ್ತ ವರ್ಷದಾಂವ. ದವಾಖಾನಿಯಾಗ ಚೀಟಿ ಮಾಡಿಸೋ ಸಾಲಿನಾಗ ಒಬ್ಬ ಮನಷ್ಯಾ ನನ್ನ ಮಾತು ಕೇಳಿ ಬಾಜೂಕಿನವರಿಗೆ ಏನೋ ಅಂದ, ಎಲ್ಲಾರೂ ನಕ್ಕರು. ನನಗ ತಿಳೀಲಿಲ್ಲ, ನಾನೂ ನಕ್ಕೆ. ನೀ ಹೋಗಿ ಅವನ ಕೈ ಕಚ್ಚಿದಿ. ರಕ್ತ ಬಂತು. 'ನಮ್ಮ ವೈನಿಗೆ ನಗ್ತಾನ' ಅಂತ ಊರಿಗೆ ಬರೋತನ ಅಂದದ್ದ ಅಂದದ್ದು. ಆ ಹುಡುಗನ್ನ ನಾ ಬೆಳಸಿದ್ದು. ಕೈ ಎತ್ತಿದ್ದು ಅದಕ್ಕ.

ನೀ ಹೋದ ಸಂಜಿಕನ ಗೊಬ್ಬರದ ಅಂಗಡಿ ಚನಮಲ್ಲಪ್ಪ ಕಾಕಾ ಪ್ಯಾಟಿಯವರನ್ನ ನಾಕ ಮಂದಿ ಕರಕೊಂಡು ಬಂದ್ರು. 'ಮಾದೇವಿ, ಅಕಿ ಇವತ್ತ ಬಂದು ನಾಳಿ ಹೋಗಾಕಿ. ಹುಡುಗ ನಮ್ಮಾಂವ. ಕರಸಿ, ಎಲ್ಲಾರ ಮುಂದ ತಪ್ಪಾತು ಅನ್ನು' ಅಂದ್ರು. ನಾ ಅಂದೆ, 'ನಾಳಿ ಹೋಗೋರಿಗೆ ಏನ್ ಬೇಕಾದ್ದ ಅನ್ನಬಹುದೇನ್ರಿ ಕಾಕಾ? ನಮ್ಮ ಖಾನಾವಳಿಗೆ ಬರೋರೆಲ್ಲಾ ಉಂಡು ಹೋಗೋರ.' ಇಂಥವರು ತುಂಡ ಅರಬಿ ಹಾಕ್ಕೊಂಡು ಬಂದು ನಮ್ಮ ಹುಡುಗರನ್ನ ಕೆಡಸ್ತಾರ ಅಂದ್ರು. 'ನಮ್ಮ ಹುಡುಗ್ರೂ ಚಡ್ಡಿ ಮ್ಯಾಲ ಕಬಡ್ಡಿ ಆಡ್ತಾರಲ್ರಿ, ಯಾರರ ರೇಟ್ ಕೇಳ್ಯಾರೇನ್ರಿ?' ಅಂದೆ. ಎದ್ದು ಹೋದ್ರು. ಮರುದಿನದಿಂದ ಪ್ಯಾಟಿಯವರ ಊಟದ ಡಬ್ಬಿ ಬಂದ್. ಬುತ್ತಿ ಕಟ್ಟೋ ಕೈಗೆ ಕೆಲಸಿಲ್ಲ. ಲಾರಿಯವರು ಬರ್ತಾರ, ಅವರಿಂದ ಒಲಿ ಉರೀತೈತಿ.

ನಿಮ್ಮಣ್ಣ ಎರಡ ದಿನ ನನ್ನ ಕೂಡ ಮಾತಾಡಲಿಲ್ಲ. ಮೂರನೇ ದಿನ ಹಳೇ ತಗಡಿನ ಪತ್ರಾ ಒಂದು ತಂದು, ಸುಣ್ಣ ಬಳದು, ತಾನ ಕುಂತು ಬರದ: 'ಉಣ್ಣುವವರ ಫೋಟೊ, ವಿಡಿಯೊ ಅವರನ್ನು ಕೇಳದೆ ತೆಗೆಯಬಾರದು. ಊರವರಿಗೂ ಪರದೇಶದವರಿಗೂ ಒಂದೇ ದರ.' ಅಕ್ಷತಾ ಕೆಳಗ ಇಂಗ್ಲಿಷಿನಾಗ ಬರದ್ಲು. ಬಾಗಲಿಗೆ ತೂಗಹಾಕಿದ್ವಿ. ಯಾರೋ ಸಗಣಿ ಬಡದ್ರು. ತೊಳದೆ. ಮತ್ತ ಬಡದ್ರು. ಮತ್ತ ತೊಳದೆ. ಐದನೇ ದಿನ ಯಾರೂ ಬಡೀಲಿಲ್ಲ, ಸಗಣಿ ತೀರಿರಬೇಕು.

ಒಂದ ಮಾತು ನೀ ನಂಬೂದಿಲ್ಲ. ಚನಮಲ್ಲಪ್ಪ ಕಾಕಾನ ಸೊಸಿ ಶೀತಲ ದಿನಾ ಮಧ್ಯಾಹ್ನ ಹಿತ್ತಲ ಬಾಗಲಿಂದ ಬಂದು ಅಕ್ಷತಾನ ಕಡೆ ಇಂಗ್ಲಿಷ್ ಕಲ್ಯಾಕತ್ತಾಳ. ಅಕಿ ತವರಮನಿ ರಬಕವಿ, ಮನ್ಯಾಗ ಕೈಮಗ್ಗ ಅದಾವ. ಹೋದ ವರ್ಷ ಅಲ್ಲಿಗೆ ಮಗ್ಗ ನೋಡಾಕ ಪರದೇಶದವರು ಬಂದಿದ್ರಂತ. ಓಣಿ ಹುಡುಗ್ರು ಬೆನ್ನ ಹತ್ತಿ ಪೆನ್ನು ಕೇಳಿ, ಸೆಲ್ಫಿ ಅಂತ ಮೈ ಮ್ಯಾಲ ಬಿದ್ದು, ಅವರು ಸೀರಿ ನೋಡದನ ಓಡಿ ಹೋದ್ರಂತ. 'ನಮ್ಮಪ್ಪ ನೇಯ್ದದ್ದು ತೋರಿಸಬೇಕು ಅಂತ ಕುಂತಾಂವ ಹಂಗ ಕುಂತ ಬಿಟ್ಟ, ಅಕ್ಕಾರ' ಅಂದ್ಲು.

ನೋಡಪಾ, ಬಂದೋರು ನಾಕ ಕಾಸು ಬಿಟ್ಟು ಹೋಗ್ಲಿ ಅಂತ ಇದನ್ನ ಹಟ ಹಿಡದಿಲ್ಲ. ಬರಲಿ, ಬಿಡಲಿ. ನಮ್ಮ ಬಾಗಲದಾಗ ಉಂಡೋರು ತಲಿ ಎತ್ತಿ ಹೋಗಬೇಕು. ಪ್ಯಾಟಿ ಪೂರಾ ಎದುರು ನಿಂತ್ರೂ ಆ ಬೋರ್ಡ್ ಇಳಿಸೂದಿಲ್ಲ. ನಿನಗ ಬೇಕಂದ್ರೂ ಇಳಿಸೂದಿಲ್ಲ. ಆ ವಿಡಿಯೊ ಇನ್ನೂ ಐತಿ, ಮಂದಿ ನೋಡಾಕತ್ತಾರ. ನೀ ಹಾಕೀದಿ, ನೀನ ತಗೀಬೇಕು. ತಗದ ಮ್ಯಾಲ ಹೊಸ್ತಲಾ ದಾಟು.

ಶೇವಂತಿ ಕಡೆ ಶೇಂಗಾ ಹೋಳಿಗಿ, ಸಜ್ಜಿ ರೊಟ್ಟಿ ಕೊಟ್ಟೇನಿ. ಕಲ್ಮೇಶಗೂ ಕೊಡು. ಟ್ರ್ಯಾಕ್ಟರ್ ಸಾವಕಾಶ ಹೊಡಿ. ನಿಮ್ಮಣ್ಣ ಬಾಯಿಬಿಟ್ಟು ನಿನ್ನ ಹೆಸರು ತಗ್ಯಾಂಗಿಲ್ಲ, ಆದ್ರ ಗಾಡಿ ಸಪ್ಪಳಾದ್ರ ಹೊರಗ ನೋಡ್ತಾನ. ಮೈಯಾಗ ಆರೋಗ್ಯ ಇರ್ಲಿ, ಎದಿಯಾಗ ತಪ್ಪು ಒಪ್ಪೋ ಧೈರ್ಯ ಇರ್ಲಿ ಅಂತ ಹರಸಾಕಿ,

ನಿನ್ನ ವೈನಿ
ಮಾದೇವಿ

ತಾ.ಕ.: ಶೇವಂತಿ ಬಸ್ಸಿಗೆ ನಿಂತಾಳ, ಲಗೂನ ಬರೀತೇನಿ. ಮ್ಯಾಲಿನ ನಿನ್ನ ಖೋಲಿ ಸುಣ್ಣ ಬಳಿಸಿ ಪರದೇಶದ ಮಂದಿಗೆ ಇಳಕೊಳ್ಳಾಕ ಕೊಟ್ಟೇನಿ. ನಿನ್ನ ಅರಬಿ ಟ್ರಂಕಿನಾಗ ಅದಾವ, ಬಂದ್ರ ಇನ್ನ ಪಡಸಾಲ್ಯಾಗ ಮಲಗಬೇಕು. ಇಪ್ಪತ್ತನೇ ತಾರೀಖಿಗೆ ಮೂರ ಮಂದಿ ಬರಾಕತ್ತಾರ. ಬೀಳಗಿ ಕಡೆ ಹಿನ್ನೀರಿನಾಗ ಹಕ್ಕಿ ನೋಡಬೇಕಂತ. ನಸಿಕಿನ್ಯಾಗ, ಹೊತ್ತು ಹುಟ್ಟೂ ಮೊದಲ, ಕೆಸರು ದಾಟಿ ಅಲ್ಲಿಗೆ ಹೋಗೋ ದಾರಿ ಈ ಊರಾಗ ನಿನ್ನ ಬಿಟ್ರ ಯಾರಿಗೂ ಗೊತ್ತಿಲ್ಲ. ಕರಕೊಂಡು ಹೋಗೋರು ಯಾರಂತ ಕೇಳಿದ್ರು, ನಮ್ಮ ಮೈದುನ ಅಂತ ಅಕ್ಷತಾನ ಕಡೆ ನಿನ್ನ ಹೆಸರು ಬರಸೇನಿ. ನಿನ್ನ ಕೇಳಿಲ್ಲ, ಕೇಳೂದೂ ಇಲ್ಲ. ಹತ್ತೊಂಬತ್ತಕ್ಕ ಬಾ.