ಮೆಟ್ಟಿಲ ಕಿಟಕಿಯ ಮುಖ

ಮಾರ್ಚ್ 3, ಸಂಜೆ

ಟೀಚರ ಮನೆಯ ಕಿಟಕಿ ರಿಪೇರಿಗೆಂದು ಇಳಿಸಿ ಅಂಗಡಿಗೆ ತಂದದ್ದಾಯಿತು. ನೂರಾ ಹನ್ನೆರಡು ಬಣ್ಣದ ಗಾಜಿನ ತುಂಡು. ನಡುವಿನ ಸೀಸದ ಪಟ್ಟಿಗಳು ಸೋತು ಹೊಟ್ಟೆ ಬಿಟ್ಟಿವೆ, ಥೇಟ್ ನನ್ನ ಹಾಗೆ. ಕಾಗದ ಹಾಸಿ, ಇದ್ದಿಲು ಉಜ್ಜಿ, ಗೆರೆಗಳ ಅಚ್ಚು ತೆಗೆದೆ. ತುಂಡುಗಳಿಗೆಲ್ಲ ನಂಬರ್.

ಅಪ್ಪ ಬದುಕಿದ್ದಾಗ ಮಾಡಿದ ಕಿಟಕಿ, ಮೂವತ್ತೊಂದು ವರ್ಷದ ಹಿಂದೆ. ನಡುವಿನ ತುಂಡಿನಲ್ಲಿ ಟೀಚರ ಮಗಳ ಮುಖ. ಆಮೇಲೆ ಎರಡೇ ವರ್ಷ, ಜ್ವರ ಬಂದು ಹೋದಳು. ಮಸಿ ಕಟ್ಟಿ ಮುಖ ನೆಟ್ಟಗೆ ಕಾಣುತ್ತಿಲ್ಲ. ಫ್ಲ್ಯಾಶ್ ಹಾಕಿ ಫೋಟೋ ತೆಗೆದೆ — ಬರೀ ಬಿಳಿ ಚುಕ್ಕೆ. ಬೆಳಕಿದ್ದಾಗ ತೆಗೆದರಾಯಿತು.

ಟೀಚರು ನನಗೂ ಲೆಕ್ಕ ಕಲಿಸಿದವರು. ಈಗಲೂ ಎದುರು ನಿಂತರೆ ಕೈ ತಾನಾಗಿ ಬೆನ್ನ ಹಿಂದೆ ಹೋಗುತ್ತದೆ. “ಹುಷಾರು ಕಣೇ” ಅಂತ ನಾಲ್ಕು ಸಲ ಹೇಳಿದರು.

ಮಾರ್ಚ್ 5

ಬೇರೆ ಗಿರಾಕಿ ಬಂದಿದ್ದ. ಹೊಸ ಮನೆಗೆ ಬಣ್ಣದ ಗಾಜು ಬೇಕಂತೆ. “ಇದರ ಹಿಸ್ಟರಿ ಏನು ಮೇಡಂ?” ಅಂದ. ಹೇಳಿದೆ — ಮೊದಲು ಪ್ರಾರ್ಥನಾ ಮಂದಿರಗಳಿಗೆ, ಸಂತರ ಮುಖ. ಆಮೇಲೆ ಸಿರಿವಂತರ ಮೆಟ್ಟಿಲುಗಳಿಗೆ, ಅವರವರ ಮುಖ. ಕೊನೆಗೆ ನಮ್ಮಂಥವರ ಬಾಗಿಲ ಮೇಲೆ ಅಂಗೈಯಗಲ, ಎರಡು ಹೂವು. ಎಲ್ಲ ಕೇಳಿಸಿಕೊಂಡು, “ನಮಗೆ ಪಕ್ಕದ ಮನೆ ಪೈಪು ಕಾಣದಿದ್ರೆ ಸಾಕು” ಅಂದ. ನಕ್ಕೂ ನಕ್ಕೂ ಸಾಕಾಯಿತು. ಅದೇ ಖುಷಿಯಲ್ಲಿ ಟೀಚರ ತುಂಡುಗಳನ್ನು ತೊಳೆಯಲು ಕುಳಿತೆ.

ಮಾರ್ಚ್ 5, ಮಧ್ಯಾಹ್ನ 3

ಮುಖ ಹೋಯಿತು.

ಸೋಪು ನೀರು, ಮೆತ್ತನೆ ಬಟ್ಟೆ, ಎರಡೇ ಸಲ ಒರೆಸಿದ್ದು. ಬಟ್ಟೆಯ ಮೇಲೆ ಕಂದು ಬಣ್ಣ. ಕೈಯಲ್ಲಿ ಬೋಳು ಗಾಜು.

ಯಾರ ಕೆಲಸವಾದರೂ ಮೊದಲು ಮೂಲೆಯಲ್ಲಿ ಒದ್ದೆ ಬೆರಳಾಡಿಸಿ ನೋಡುತ್ತೇನೆ. ಭಟ್ಟಿಯಲ್ಲಿ ಸುಟ್ಟ ಬಣ್ಣವಾದರೆ ಗಾಜಿಗೇ ಅಂಟಿರುತ್ತದೆ, ಸುಡದಿದ್ದರೆ ಎದ್ದು ಬರುತ್ತದೆ. ಇಪ್ಪತ್ತಾರು ವರ್ಷದಿಂದ ತಪ್ಪಿಸಿದವಳಲ್ಲ. ಇದೊಂದಕ್ಕೆ ನೋಡಲಿಲ್ಲ. ಅಪ್ಪನ ಕೆಲಸ, ನೋಡುವುದೇನು ಅಂತ...

ಬೆಳಕಿನಲ್ಲಿ ಇನ್ನೊಂದು ಫೋಟೋನೂ ತೆಗೆದಿರಲಿಲ್ಲ.

ಮಾರ್ಚ್ 6

ಫೋನ್ ಮಾಡಿದೆ. ಹೇಳಬೇಕೆಂದೇ ಮಾಡಿದ್ದು. ಬಾಯಿಗೆ ಬಂದದ್ದು, “ಟೀಚರ್, ಅಪ್ಪ ಆ ಮುಖ ಎಲ್ಲಿ ಬರೆದಿದ್ದು?”

“ಇಲ್ಲೇ ಕಣೇ. ಕಿಟಕಿ ಕೂರಿಸಿದ ಮೇಲೆ, ಮೆಟ್ಟಿಲ ಮೇಲೆ ಸ್ಟೂಲ್ ಹಾಕ್ಕೊಂಡು. ಮುಂದಿನ ವಾರ ಬಂದು ಭಟ್ಟಿಗೆ ಹಾಕ್ತೀನಿ ಅಂದಿದ್ರು. ಬಂದ್ರೇನೇ!”

ಅಪ್ಪನ ಮುಂದಿನ ವಾರ. ನನ್ನ ‘ಬೆಳಕಿದ್ದಾಗ ತೆಗೆದರಾಯಿತು’. ಅದೇ ರಕ್ತ, ಎಲ್ಲಿಗೆ ಹೋಗುತ್ತದೆ.

ಬಣ್ಣ ಹೊಂದಿಸಲು ಬೇಕು ಅಂತ ಸುಳ್ಳು ಹೇಳಿ ಹುಡುಗಿಯ ಒಂದು ಫೋಟೋ ತರಿಸಿಕೊಂಡೆ.

ಮಾರ್ಚ್ 19

ಒಂಬತ್ತು ಗಾಜು ಕೆಡಿಸಿದೆ. ಹತ್ತನೆಯದು ಪರವಾಗಿಲ್ಲ. ಫೋಟೋದಲ್ಲಿ ನಕ್ಕಿದ್ದಾಳೆ, ಮುಂದಿನ ಹಲ್ಲಿಲ್ಲ. ಹಾಗೇ ಬರೆದೆ. ಭಟ್ಟಿಗೆ ಹಾಕಿದೆ. ಇನ್ನು ಯಾರು ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಮಾರ್ಚ್ 24

ಕಿಟಕಿ ಕೂರಿಸಿ ಬಂದೆ.

ಟೀಚರು ನಾಲ್ಕನೇ ಮೆಟ್ಟಿಲಲ್ಲಿ ನಿಂತು ನೋಡಿದರು. ತುಂಬಾ ಹೊತ್ತು. ಸಿಕ್ಕಿಬಿದ್ದೆ ಅಂದುಕೊಂಡೆ. ಒಳಗೊಳಗೇ ಹಾಯೆಂದೂ ಅನಿಸಿತು.

“ನಗ್ತಿದಾಳಲ್ಲೇ!”

ನಾನು ಒರೆಸಿದ್ದ ಚೌಕಟ್ಟನ್ನೇ ಮತ್ತೆ ಒರೆಸಿದೆ.

“ಅವತ್ತು ಕೂರಲ್ಲ ಅಂತ ಹಟ ಮಾಡಿದ್ಲು. ಕೆನ್ನೆಗೊಂದು ಬಾರಿಸಿ ಕೂರಿಸಿದ್ದೆ. ಅಳ್ತಾನೇ ಕೂತಿದ್ಲು, ನಿಮ್ಮಪ್ಪ ಅಳುಮುಖಾನೇ ಬರೆದ್ರು ಅಂತ ನನ್ನ ತಲೇಲಿ. ಅವಳಿದ್ದಾಗ್ಲೂ ಸರಿಯಾಗಿ ನೋಡಿರಲಿಲ್ಲ, ಹೋದ ಮೇಲಂತೂ ಈ ಕಡೆ ಕತ್ತೆತ್ತಿ ನೋಡಿಲ್ಲ ಕಣೇ. ತಲೆ ತಗ್ಗಿಸ್ಕೊಂಡೇ ಹತ್ತಿದೀನಿ, ಇಳಿದಿದೀನಿ...” ಗೋಡೆ ಹಿಡಿದು ಕುಳಿತರು. “ನೋಡು, ಮರೆತೇಬಿಟ್ಟಿದ್ಲು ನನ್ನ ಮಗು. ಮನಸ್ಸಲ್ಲಿ ಇಟ್ಕೊಂಡಿರಲಿಲ್ಲ.”

ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಈ ಕೈಯನ್ನು.

ಅಪ್ಪ ಕಂಡದ್ದನ್ನೇ ಬರೆಯುವವನು. ಯಾರ ಸೊಟ್ಟ ಮೂಗನ್ನೂ ನೆಟ್ಟಗೆ ಮಾಡಿದವನಲ್ಲ. ಅತ್ತದ್ದನ್ನು ಅತ್ತ ಹಾಗೇ ಬರೆದಿರುತ್ತಾನೆ.

ಏಪ್ರಿಲ್ 11

ಹೇಳಲೆಂದು ಹೋದೆ. ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡಿದ್ದಾರೆ. ಬೆಳಗಿನ ಕಾಫಿ ಅಲ್ಲೇ ಅಂತೆ. “ಅವಳ ಜೊತೆ” ಅಂದರು. ಕಾಫಿ ಕುಡಿದು ಎದ್ದು ಬಂದೆ.

ಜೂನ್ 2

ಟೀಚರ ತಮ್ಮ ನಮ್ಮ ಅಂಗಡಿಗೆ ಬಂದಿದ್ದ. “ಅಕ್ಕ ಎಷ್ಟೋ ವರ್ಷಕ್ಕೆ ಮಗಳ ಹೆಸರು ಹಿಡಿದು ಮಾತಾಡಿದ್ಲು. ಪುಣ್ಯ ಕಟ್ಕೊಂಡ್ರಿ ನೀವು” ಅಂದ. ಹೇಳಿದರೆ ಅವರ ಮಗು ಮತ್ತೆ ಅಳುತ್ತದೆ. ಹೇಳದಿದ್ದರೆ ನನ್ನ ಕೈಕೆಲಸವನ್ನು ಮಗಳ ಕ್ಷಮೆ ಅಂದುಕೊಂಡೇ ಅವರು...

ನನಗೆ ಇದನ್ನು ತಡೆದುಕೊಳ್ಳಲಾಗುತ್ತಿಲ್ಲ.

ಜೂನ್ 3, ಬೆಳಿಗ್ಗೆ 7

ಎದುರಿಗೆ ನಿಂತರೆ ನಾಲಿಗೆ ಏಳುವುದಿಲ್ಲ. ಕಾಗದ ಬರೆದುಕೊಂಡು ಹೋಗುತ್ತೇನೆ. ಎರಡು ಹರಿದೆ. ಇಲ್ಲೇ ಬರೆದು ನೋಡುತ್ತೇನೆ, ಆಮೇಲೆ ಕಾಪಿ ಮಾಡಿದರಾಯಿತು.

ಟೀಚರ್, ನೀವು ಹೊಡೆದ ಆ ದಿನ ನಿಮ್ಮ ಮಗಳು...