ರಕ್ತ ಇದ್ದಾಗ ಬನ್ನಿ

ಸಿಟಿ ಸ್ಕ್ಯಾನ್ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ಸ್ಕ್ಯಾನ್ ದಿನದ ಮೂತ್ರ ಪರೀಕ್ಷೆಯಲ್ಲಿ ರಕ್ತ ಕಾಣದಿದ್ದರೆ ಸರದಿ ರದ್ದು ಎಂಬ ಸುತ್ತೋಲೆಯನ್ನು ತಮ್ಮ ಕಿಟಕಿಯ ಗಾಜಿನ ಮೇಲೆ ಮೂರು ಸಲ ಓದಿದ್ದೇನೆ. ಮೂರು ಸಲವೂ ರದ್ದಾದದ್ದು ನನ್ನಣ್ಣನ ಸರದಿ. ಕಳ್ಳ ಇನ್ನೂ ಮನೆಯೊಳಗೇ ಕೂತಿದ್ದರೆ ಮಾತ್ರ ದೂರು ಬರೆದುಕೊಳ್ಳುವ ಪೊಲೀಸರಿದ್ದರೆ, ಅವರಿಗೆ ತಾವೇ ಗುರುಗಳು.

ಅಣ್ಣ ಮೂವತ್ತು ವರ್ಷದಿಂದ ಗೋಡೆಗೆ ಬಣ್ಣ ಬಳಿಯುವವನು. ಮೊದಲ ದಿನ ಬಚ್ಚಲಿನಿಂದ ಹೊರಬಂದು ಅತ್ತಿಗೆಗೆ ಹೇಳಿದ್ದೂ ಕಸುಬಿನ ಭಾಷೆಯಲ್ಲೇ: “ಇಟ್ಟಿಗೆ ಕೆಂಪು ಕಣೇ. ಎರಡನೇ ಕೋಟ್ ಹೊಡೆದಷ್ಟು ಗಾಢ.” ನೋವಿಲ್ಲ, ಜ್ವರವಿಲ್ಲ; ಸಂಜೆಗೆ ಎಲ್ಲ ತಿಳಿ. ಡಾಕ್ಟರು ಮಾತ್ರ ನಗಲಿಲ್ಲ. ಬೀಡಿ, ಬಣ್ಣದ ಘಾಟು, ವಯಸ್ಸು ಎಲ್ಲ ವಿಚಾರಿಸಿ, “ನೋವಿಲ್ದೆ ಬಂದು ಹೋಗೋ ರಕ್ತಾನ ನಂಬಬಾರ್ದು. ಕಿಡ್ನಿಯಿಂದ ಮೂತ್ರಕೋಶದವರೆಗೆ ಎಲ್ಲಾದ್ರೂ ಗಡ್ಡೆ ಇದ್ಯಾ ಅಂತ ಸ್ಕ್ಯಾನ್ ಮಾಡಿ ನೋಡೋಣ. ನಿಂತೋಯ್ತು ಅಂತ ಸುಮ್ನಾಗ್ಬೇಡಿ” ಎಂದು ಚೀಟಿ ಬರೆದುಕೊಟ್ಟರು.

ಅಲ್ಲಿಂದ ಮುಂದೆ ಮೂರು ಸಲ ಕೆಂಪು ಕಂಡು ಡೇಟು ಪಡೆದೆವು. ಮೂರು ಸಲವೂ ಡೇಟು ಬರುವಷ್ಟರಲ್ಲಿ ತಿಳಿಯಾಯಿತು. ಕಿಟಕಿಯಲ್ಲಿ ನಡೆಯುವ ಸಂಭಾಷಣೆ ನನಗೀಗ ಬಾಯಿಪಾಠ.

“ಇವತ್ತು ರಕ್ತ ಇಲ್ವಲ್ಲ?”

“ಆವತ್ತಿತ್ತು ಮೇಡಂ.”

“ಇದ್ದಾಗ ಬನ್ನಿ.”

“ಇದ್ದಾಗ ಬಂದ್ರೆ ಮೂರು ವಾರ ಬಿಟ್ಟು ಡೇಟ್ ಕೊಡ್ತೀರಲ್ಲ?”

“ಅದು ರೂಲ್ಸು. ನನ್ನ ಕೇಳಿದ್ರೆ?”

ರದ್ದತಿಯ ಕಾರಣ ಎಂಬಲ್ಲಿ ಆಕೆ ಬರೆದದ್ದು ‘ರೋಗಿ ಗುಣಮುಖ’. ಇಷ್ಟೆಲ್ಲ ಓದಿದ ಡಾಕ್ಟರು ಯಂತ್ರವಿಲ್ಲದೆ ಹೇಳಲಾರದ್ದನ್ನು ತಮ್ಮ ಕಚೇರಿ ಒಂದು ಬಾಲ್‌ಪೆನ್ನಿನಿಂದ ಹೇಳಿಬಿಟ್ಟಿತು. ಇಂಥ ಪೆನ್ನಿರುವಾಗ ಆ ಯಂತ್ರಕ್ಕೆ ಇಡೀ ದಿನ ಎಸಿ ಹಾಕಿ ಸಾಕುವುದಾದರೂ ಏಕೆ? ಅಂದಹಾಗೆ, ರಕ್ತಕ್ಕೆ ಸುತ್ತೋಲೆಯ ಒಂದು ಪ್ರತಿ ಕಳಿಸಿದ್ದೀರಾ? ಅದು ಕಚೇರಿಯ ವೇಳೆಗೆ ಹಾಜರಾಗಬೇಕೆಂದು ಅದಕ್ಕಿನ್ನೂ ತಿಳಿದಂತಿಲ್ಲ.

ನಿನ್ನೆ ಬೆಳಿಗ್ಗೆ ಅಣ್ಣ ಬಚ್ಚಲಿನಿಂದಲೇ ಕೂಗಿದ: “ಲೋ, ಬಂತು ಕಣೋ. ಬೇಗ ಬಾಟ್ಲಿ ತಾ. ಈ ಸಲ ಇಲ್ಲ ಅನ್ನೋಕಾಗಲ್ಲ ಅವ್ರಿಗೆ.” ಐದು ತಿಂಗಳಲ್ಲಿ ಅವನ ದನಿಯಲ್ಲಿ ಅಂಥ ಖುಷಿ ಕೇಳಿರಲಿಲ್ಲ. ಅತ್ತಿಗೆ ಬಾಟಲಿ ಕೊಟ್ಟು ಗೋಡೆ ಕಡೆ ತಿರುಗಿ ನಿಂತರು.

ತನ್ನದೇ ರಕ್ತ ಕಂಡು ಮನುಷ್ಯ ಹಿಗ್ಗುವಂತೆ ಮಾಡಿದ ಕೀರ್ತಿ ತಮ್ಮದು. ಬಾಟಲಿ ತಮ್ಮ ಕಿಟಕಿ ಸೇರಿದೆ; ಮತ್ತೆ ಮೂರು ವಾರದ ಡೇಟು ನಮ್ಮ ಕೈ ಸೇರಿದೆ. ಆ ಸುತ್ತೋಲೆಯನ್ನು ಗಾಜಿನಿಂದ ಕಿತ್ತು, ಅಣ್ಣನನ್ನು ಈ ವಾರವೇ ಯಂತ್ರದೊಳಗೆ ಮಲಗಿಸಿ. ಗಡ್ಡೆ ಇಲ್ಲವೆಂದು ಬಂದರೆ ಧಾರಾಳವಾಗಿ ‘ಗುಣಮುಖ’ ಎಂದು ಬರೆಯಿರಿ. ಪೆನ್ನು ನಾನೇ ತರುತ್ತೇನೆ.

ಇಂತಿ,
ಮತ್ತೆ ತಿಳಿಯಾದೀತೆಂದು ಹೆದರಿ ಕೂತಿರುವ,
ಬಣ್ಣದವನ ತಮ್ಮ