ರಾಸ್ಕಲ್ ಎಂಬ ನನ್ನ ಮೊಮ್ಮಗಳು

ಒಳೂರು, ಫೆಬ್ರವರಿ ಮೂವತ್ತು, ೨೪೧೮

ಹಿಂದಿನವರಾದ ನಿಮಗೆಲ್ಲ ಮುನಿತಾಯಮ್ಮನ ನಮಸ್ಕಾರ. ತಾರೀಖು ನೋಡಿ ಗಾಬರಿಯಾಗಬೇಡಿ. ನಾವು ಎಲ್ಲ ತಿಂಗಳಿಗೂ ಮೂವತ್ತೇ ದಿನ ಮಾಡಿಕೊಂಡು, ಮಿಕ್ಕ ದಿನಗಳಿಗೆ ರಜೆ ಕೊಟ್ಟಿದ್ದೇವೆ. ನನ್ನ ಕನ್ನಡ ಅಲ್ಲಲ್ಲಿ ಸೊಟ್ಟಗೆ ಕೇಳಿಸಿದರೆ ಕ್ಷಮಿಸಿ.

ಬಿಸಿಲು ತಡೆಯಲಾರದೆ ನಮ್ಮ ಹಿರಿಯರು ಕೋಲಾರದ ಹಳೆಯ ಚಿನ್ನದ ಗಣಿಗೆ ಇಳಿದು ಕಟ್ಟಿದ ಊರು ಇದು. ಕನ್ನಡಿಗಳಲ್ಲಿ ಬೆಳಕನ್ನು ಇಳಿಸಿಕೊಂಡು ರಾಗಿ, ಕೊತ್ತಂಬರಿ ಬೆಳೆಯುತ್ತೇವೆ. ಮೇಲಿನಿಂದ ಗಾಳಿ ಇಳಿಯುವ ಜಾಗಕ್ಕೆ ಗಾಳಿಕಟ್ಟೆ ಎನ್ನುತ್ತೇವೆ. ಹರಟೆ, ಜಗಳ, ನಾಮಕರಣ ಎಲ್ಲವೂ ಅಲ್ಲೇ. ನಾನು ಇಲ್ಲಿಯ ನುಡಿಗಾವಲಿನವಳು, ಅಂದರೆ ಹಳೆಯ ಮಾತುಗಳ ಅರ್ಥ ಬಿಡಿಸಿ ಹೇಳುವವಳು.

ನನ್ನ ಮಗಳು ಚೆಂಗಮ್ಮನಿಗೆ ಎರಡು ಮಕ್ಕಳು ಹುಟ್ಟಿ ತೀರಿಕೊಂಡವು. ಮೂರನೆಯದು ಹೆಣ್ಣು, ತೀರಾ ಸಣಕಲು. ಅದಕ್ಕೆ ಅವಳು ಆರಿಸಿದ ಹೆಸರು ರಾಸ್ಕಲ್. ಮಕ್ಕಳು ಉಳಿಯದ ಮನೆಯಲ್ಲಿ ನೀವೂ ತಿಪ್ಪ, ಗುಂಡ ಎಂದು ಒರಟು ಹೆಸರಿಡುತ್ತಿದ್ದಿರಲ್ಲ, ಆ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಇಂಗ್ಲಿಷ್ ಬೈಗುಳವನ್ನು ಮಾತ್ರ ಯಾರೂ ಇಟ್ಟಿರಲಿಲ್ಲ.

ನಾಮಕರಣದ ದಿನ ಗಾಳಿಕಟ್ಟೆಯಲ್ಲಿ ಊರ ಯಜಮಾನ ಬೈಚಪ್ಪ ತೊಟ್ಟಿಲಿಗೆ ಅಡ್ಡ ನಿಂತ. “ಗಣಿಯ ಬಿಳಿ ದೊರೆಗೋಳು ನಮ್ಮೋರ್ನ ಬೈತಿದ್ದ ಮಾತು ಅದು ತಾಯಮ್ಮ. ಮಗೀಗೆ ಕಟ್ತೀರಾ ಅದನ್ನ?”

“ಚೆಂದಾಗಿರೋ ಹೆಸರಿಟ್ಟೇ ಇಬ್ರನ್ನ ಕಳ್ಕೊಂಡೆ,” ಎಂದಳು ಚೆಂಗಮ್ಮ. “ಇದನ್ನ ಬೈಕೊಂಡಾದ್ರೂ ಉಳಿಸ್ಕೊತೀನಿ.”

ಎಲ್ಲರೂ ನನ್ನ ಮುಖ ನೋಡಿದರು. ಬೈಚಪ್ಪನ ಸಿಟ್ಟು ನ್ಯಾಯವಾದದ್ದೇ, ಅದನ್ನು ಮೊದಲು ಒಪ್ಪಿಕೊಂಡೆ. ಆ ಪದ ಹುಟ್ಟಿದ್ದೇ ಬಡಜನರ ಗುಂಪನ್ನು ಹೀಯಾಳಿಸಲು. ಆಮೇಲೆ ಮೋಸಗಾರರಿಗೆ ಅಂಟಿಕೊಂಡಿತು. ಇಂಗ್ಲಿಷರು ಬರಬರುತ್ತ ತಮ್ಮ ತುಂಟ ಮಕ್ಕಳನ್ನೂ ಮುದ್ದಿನಿಂದ ಹಾಗೆ ಕರೆದರು. ನೀವು ಮಾತ್ರ ಹಲ್ಲು ಕಡಿದುಕೊಂಡೇ ಬೈದಿರಿ. ಆದರೆ ಅದಕ್ಕೆ ಇನ್ನೊಂದು ಹಳೆಯ ಅರ್ಥವಿದೆ ಎಂದು ಅವರಿಗೆ ಹೇಳಿದೆ. ಹಿಂಡಿನಲ್ಲಿದ್ದ ಬಡಕಲು ಜಿಂಕೆಯನ್ನು ಇಂಗ್ಲಿಷರ ನಾಡಿನ ಬೇಟೆಗಾರರು ರಾಸ್ಕಲ್ ಎನ್ನುತ್ತಿದ್ದರು. ಇದಕ್ಕೆ ಬಾಣ ದಂಡ ಎಂದು ಬಿಟ್ಟು ಮುಂದೆ ಹೋಗುತ್ತಿದ್ದರು.

ಬೈಚಪ್ಪ ತೊಟ್ಟಿಲಲ್ಲಿದ್ದ ಸಣ್ಣ ಕಾಲುಗಳನ್ನು ನೋಡಿದ. ಆಮೇಲೆ ತಾನೇ ಬಗ್ಗಿ ಮಗುವಿನ ಕಿವಿಯಲ್ಲಿ ಆ ಹೆಸರನ್ನು ಹೇಳಿದ.

ಈಗ ಅವಳಿಗೆ ಹಲ್ಲು ಬಂದಿವೆ. ಈ ಕಾಗದದ ಮೂಲೆ ಅಗಿದವಳು ಅವಳೇ. ನಿಮ್ಮಲ್ಲಿ ಒಂದೇ ಕೇಳಿಕೆ. ಆ ಮಾತನ್ನು ಮರೆಯಬೇಡಿ, ಬೈಯುವುದಿದ್ದರೆ ಬೈಯಿರಿ, ಹಲ್ಲು ಕಡಿಯುವುದನ್ನಷ್ಟೇ ಬಿಡಿ. ಅದು ನಮ್ಮ ತನಕ ಬಂದು ಮುಟ್ಟಬೇಕು. ಇವಳ ಅಣ್ಣನಿಗೂ ಅಕ್ಕನಿಗೂ ಬಹಳ ಚೆಂದದ ಹೆಸರುಗಳಿದ್ದವು, ಕರೆದರೆ ಓಗೊಡಲು ಅವರಿಲ್ಲ. ಇವಳನ್ನು ರಾಸ್ಕಲ್ ಎಂದು ಕರೆದರೆ ಒಳೂರಿಗೆಲ್ಲ ಕೇಳುವಂತೆ ಓಗೊಡುತ್ತಾಳೆ.